ಚಿಲಕ ಮುಟ್ಟಿದರೆ ಶಾಕ್ ಏಕೆ?

ಪ್ರಶ್ನೆ: ಚಳಿಗಾಲದಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಗ್ರಿಲ್ ಬಾಗಿಲಿನ ಚಿಲಕಕ್ಕೆ ಕೈ ಹಾಕಿದರೆ ಚುರ್ರೆಂದು ಶಾಕ್ ಹೊಡೆಯುತ್ತದೆ. ಮಳೆಗಾಲದಲ್ಲಿ ಹೀಗಾಗುವುದಿಲ್ಲ. ಉಜ್ಜಿದರೆ ವಿದ್ಯುತ್ ಉತ್ಪತ್ತಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ ನೆನಪು. ಬರಿಯ ಬಟ್ಟೆಯಲ್ಲಿ ಅದು ಎಲ್ಲಿಂದ ಬರುತ್ತದೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ‘ಉತ್ಪತ್ತಿ’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಉಜ್ಜುವುದರಿಂದ ಹೊಸದೇನೂ ಹುಟ್ಟುವುದಿಲ್ಲ. ಮೊದಲೇ ಇದ್ದದ್ದು ಜಾಗ ಬದಲಿಸುತ್ತದೆ, ಅಷ್ಟೆ. ಬಟ್ಟೆ, ಕುರ್ಚಿ, ನಿಮ್ಮ ಮೈ ಎಲ್ಲವೂ ಪರಮಾಣುಗಳಿಂದಾದವು. ಪ್ರತಿ ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ನಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳಿವೆ, ಅದರ ಸುತ್ತ ಅಷ್ಟೇ ಸಂಖ್ಯೆಯ ಋಣ ವಿದ್ಯುದಂಶದ ಎಲೆಕ್ಟ್ರಾನ್‌ಗಳಿವೆ. ಎರಡೂ ಸರಿದೂಗುವುದರಿಂದ ಬಟ್ಟೆಯಲ್ಲಿ ವಿದ್ಯುತ್ ಇದೆಯೆಂಬ ಸುಳಿವೇ ನಮಗೆ ಸಿಗುವುದಿಲ್ಲ.

1911ರಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ತೋರಿಸಿಕೊಟ್ಟ ಈ ನ್ಯೂಕ್ಲಿಯಸ್ ಪರಮಾಣುವಿನ ಅಗಲದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಆದರೆ ಪ್ರೋಟಾನ್‌ಗಳು ಅದರೊಳಗೆ ಎಷ್ಟು ಬಿಗಿಯಾಗಿ ಬಂಧಿತವಾಗಿವೆಯೆಂದರೆ ಕೈಯಿಂದ ಉಜ್ಜಿ ಅವನ್ನು ಕದಲಿಸಲು ಸಾಧ್ಯವೇ ಇಲ್ಲ. ಒಂದು ವೇಳೆ ಹಾಗಾಗಿದ್ದರೆ ತಲೆ ಬಾಚುವಾಗಲೆಲ್ಲ ಬಾಚಣಿಗೆಯ ಇಂಗಾಲ ಬೋರಾನ್ ಆಗಿಬಿಡುತ್ತಿತ್ತು! ಹೊರ ಅಂಚಿನ ಎಲೆಕ್ಟ್ರಾನ್‌ಗಳ ಹಿಡಿತ ಮಾತ್ರ ಸಡಿಲ. ಎರಡು ಬೇರೆ ಬೇರೆ ವಸ್ತುಗಳು ತಾಗಿ ಬೇರ್ಪಟ್ಟಾಗ ಕೆಲವು ಎಲೆಕ್ಟ್ರಾನ್‌ಗಳು ಒಂದನ್ನು ಬಿಟ್ಟು ಇನ್ನೊಂದಕ್ಕೆ ಅಂಟಿಕೊಳ್ಳುತ್ತವೆ; ಪಡೆದದ್ದು ಋಣ, ಕಳೆದುಕೊಂಡದ್ದು ಧನ. (ವಿದ್ಯುತ್ ಹರಿಯಬಿಡದ ಪ್ಲಾಸ್ಟಿಕ್‌ನಂಥ ಅವಾಹಕಗಳಲ್ಲಿ ಎಲೆಕ್ಟ್ರಾನ್‌ಗಳ ಜೊತೆಗೆ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಪರಮಾಣು ಅಥವಾ ಅಣುಗಳ, ಪಾತ್ರ ಎಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.)

ನೀವು ಕುರ್ಚಿಯಿಂದ ಎದ್ದಾಗ ಆಗುವುದೂ ಇದೇ. ರಬ್ಬರ್ ಚಪ್ಪಲಿ ಅಡ್ಡವಿರುವುದರಿಂದ ಮೈಯಲ್ಲಿ ಸೇರಿದ ವಿದ್ಯುದಂಶ ನೆಲಕ್ಕಿಳಿಯದೆ ಉಳಿಯುತ್ತದೆ. ಬೆರಳು ಚಿಲಕದ ಹತ್ತಿರ ಬಂದಾಗ ನಡುವಿನ ಗಾಳಿಯನ್ನು ಸೀಳಿ ಕಿಡಿ ಹಾರುತ್ತದೆ. ಒಂದು ಸೆಂಟಿಮೀಟರ್ ಗಾಳಿಯನ್ನು ದಾಟಲು ಸುಮಾರು 30,000 ವೋಲ್ಟ್ ಬೇಕು; ಆದ್ದರಿಂದ ಮೂರು ಮಿಲಿಮೀಟರ್ ಕಿಡಿ ಹಾರಿತೆಂದರೆ ನಿಮ್ಮ ಮೈ ಹತ್ತು ಸಾವಿರ ವೋಲ್ಟ್‌ಗಳಷ್ಟಕ್ಕೆ ಏರಿತ್ತೆಂದು ಅರ್ಥ. ಗಾಬರಿ ಬೇಡ. ಇಷ್ಟಕ್ಕೆಲ್ಲ ಸ್ಥಳಾಂತರಗೊಂಡ ಎಲೆಕ್ಟ್ರಾನ್‌ಗಳು ಸುಮಾರು ಆರು ಲಕ್ಷ ಕೋಟಿ ಮಾತ್ರ. ಒಂದು ಗುಟುಕು ನೀರಿನಲ್ಲಿ ಅದರ ಲಕ್ಷ ಕೋಟಿ ಪಟ್ಟು ಎಲೆಕ್ಟ್ರಾನ್‌ಗಳಿರುತ್ತವೆ. ಕಿಡಿಯಲ್ಲಿ ಶಕ್ತಿಯೂ ಅತ್ಯಲ್ಪ, ಅದು ಮುಗಿದುಹೋಗುವುದೂ ಕಣ್ಣು ಮಿಟುಕಿಸುವುದರೊಳಗೆ. ಪೆಟ್ರೋಲ್ ಆವಿಯಿರುವ ಕಡೆ ಮಾತ್ರ ಇಷ್ಟು ಚಿಕ್ಕ ಕಿಡಿಯೂ ಅಪಾಯವೇ.

ಮಳೆಗಾಲದಲ್ಲಿ ವಸ್ತುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ತೇವ ಕಟ್ಟಿಕೊಳ್ಳುತ್ತದೆ. ವಿದ್ಯುದಂಶ ಸೇರುವ ಮೊದಲೇ ಆ ಹಾದಿಯಲ್ಲಿ ಸೋರಿಹೋಗುತ್ತದೆ. ನಿಮ್ಮೂರಿನ ಚಳಿಗಾಲದ ಒಣಹವೆಯಲ್ಲಿ ಆ ಹಾದಿ ಇಲ್ಲ.

ಮುಂದಿನ ಸಲ ಎದ್ದ ಕೂಡಲೇ ಬೀಗದ ಕೈಯನ್ನು ಬಿಗಿಯಾಗಿ ಹಿಡಿದು ಅದರ ತುದಿಯನ್ನು ಮೊದಲು ಚಿಲಕಕ್ಕೆ ತಾಗಿಸಿ. ಕಿಡಿ ಕೀಲಿಯ ತುದಿಯಿಂದಲೇ ಹಾರುತ್ತದೆ, ಬೆರಳಿಗೆ ಚುಚ್ಚುವುದಿಲ್ಲ. ದೀಪ ಆರಿಸಿದ್ದರೆ ಆ ನೀಲಿ ಚುಕ್ಕಿಯನ್ನು ನೋಡಲೂಬಹುದು.