ನೆಟ್ಟ ಕಾಂಡ್ಲಾ ಉಳಿಯಲಿಲ್ಲ, ಯಾಕೆ?

ಪ್ರಶ್ನೆ: ಸೀತಾ–ಸ್ವರ್ಣಾ ಅಳಿವೆಯ ಹತ್ತಿರದ ಕೆಸರು ಬಯಲಿನಲ್ಲಿ ನಮ್ಮ ಪ್ರೌಢಶಾಲೆಯ ಮಕ್ಕಳು ಜುಲೈಯಲ್ಲಿ 200 ಕಾಂಡ್ಲಾ (ಮ್ಯಾಂಗ್ರೋವ್) ಕೋಡು, ಅಂದರೆ ಮರದಲ್ಲೇ ಮೊಳೆತ ಉದ್ದನೆಯ ಸಸಿ, ನೆಟ್ಟರು. ದೀಪಾವಳಿ ಹೊತ್ತಿಗೆ ಉಳಿದದ್ದು ಹತ್ತೋ ಹನ್ನೆರಡೋ. ಅವುಗಳ ಮೈಮೇಲೂ ಬಿಳಿ ಚಿಪ್ಪು ಕೂತಿದೆ. ಎಲ್ಲಿ ತಪ್ಪಿದೆವು?
– ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಕಾರಣ ಆ ಬಿಳಿ ಚಿಪ್ಪಿನಲ್ಲೇ ಇದೆ. ಅದು ಬಾರ್ನಕಲ್, ಗಟ್ಟಿ ವಸ್ತುವಿಗೆ ಅಂಟಿ ಬದುಕುವ ಪುಟ್ಟ ಕಡಲಜೀವಿ. ಹೆಚ್ಚು ಹೊತ್ತು ಉಪ್ಪುನೀರಲ್ಲಿ ಮುಳುಗಿರುವ ಕಡೆ ದಟ್ಟವಾಗಿ ಅಂಟಿಕೊಳ್ಳುತ್ತದೆ, ಎಳೆ ಗಿಡವನ್ನು ಭಾರದಿಂದಲೇ ಬಾಗಿಸುತ್ತದೆ. ಅಂದರೆ ನೀವು ಆರಿಸಿದ ಜಾಗ ತೀರ ತಗ್ಗು. ಸಹಜ ಕಾಂಡ್ಲಾ ವನದ ನೆಲ ಒಟ್ಟು ಸಮಯದ ಸುಮಾರು ಮೂರನೇ ಒಂದು ಪಾಲು ಮಾತ್ರ ಮುಳುಗಿರುತ್ತದೆ. ಉಳಿದ ಹೊತ್ತು ಬೇರಿಗೆ ಗಾಳಿ ಬೇಕು.

ಮಟ್ಟ ಹಿಡಿಯಲು ಯಂತ್ರ ಬೇಡ, ಉಬ್ಬರದ ನೀರೇ ಸಾಕು. ಅದೇ ಹೊಳೆಯಲ್ಲಿ, ಹತ್ತಿರದಲ್ಲೇ ತಾನಾಗಿ ಬೆಳೆದ ಕಾಂಡ್ಲಾಗಳಲ್ಲಿ ನೀರಿನ ಕಡೆಗೆ ಎಲ್ಲಕ್ಕಿಂತ ಮುಂದೆ ನಿಂತ ಮರವನ್ನು ಗುರುತಿಸಿ. ಗಾಳಿಯಿಲ್ಲದ ದಿನ ಒಬ್ಬರು ಅಲ್ಲಿ, ಇನ್ನೊಬ್ಬರು ನೆಡುವ ಜಾಗದಲ್ಲಿ ಫೋನ್ ಹಿಡಿದು ನಿಲ್ಲಿ. ಏರುವ ನೀರು ಮರದ ಬುಡ ಮುಟ್ಟಿತು ಎಂದ ಕೂಡಲೇ ಇತ್ತ ನೀರಿನ ಅಂಚಿಗೆ ಗೂಟ ಹೊಡೆಯಿರಿ. ಆ ಗೂಟಕ್ಕಿಂತ ಕೆಳಗೆ ಒಂದು ಕೋಡೂ ಬೇಡ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ನಿನ್ನೆಯ ಗಂಟೆ ನಂಬಿ ಮಕ್ಕಳನ್ನು ಕರೆದೊಯ್ಯಬೇಡಿ.

ಜುಲೈಯ ನೆರೆಯೂ ಕೆಲವನ್ನು ಕಿತ್ತಿರುತ್ತದೆ. ಕೋಡುಗಳನ್ನು ಮಳೆಗಾಲದಲ್ಲಿ ಹೊಳೆ ಕೆಸರು ತುಂಬಿದ ಪಾಲಿಥೀನ್ ಚೀಲದಲ್ಲಿ ಬೆಳೆಸಿ, ಸೆಳೆತ ಇಳಿದ ಮೇಲೆ ನೆಡುವುದು ಕ್ಷೇಮ. ಕಾಯಿಗೂ ಕೋಡಿಗೂ ನಡುವೆ ಹಳದಿ ಬಳೆ ಕಂಡರೆ ಬಲಿತಿದೆ ಎಂದರ್ಥ, ಮುಟ್ಟಿದರೆ ಕಳಚುತ್ತದೆ. ಎಳೆದು ಕೀಳಬೇಕಾದದ್ದು ಎಳೆಯದು, ಬಿಟ್ಟುಬಿಡಿ. ಚೂಪು ತುದಿ ಕೆಳಗೆ, ಮೊಗ್ಗಿನ ತುದಿ ಮೇಲೆ. ಮಕ್ಕಳು ತಲೆಕೆಳಗಾಗಿ ಊರುವುದುಂಟು, ಮೊದಲೇ ತೋರಿಸಿಕೊಡಿ. ಆಳ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ, ಗಿಡದಿಂದ ಗಿಡಕ್ಕೆ 1ರಿಂದ 1.5 ಮೀಟರ್. ದನ ಇಳಿಯುವ ಕಡೆ ಬೇಲಿ ಬೇಕೇ ಬೇಕು: ತುದಿ ಮೇಯ್ದರೆ ಕೋಡಿನ ಕಾಂಡ್ಲಾ ಮತ್ತೆ ಚಿಗುರುವುದು ಕಷ್ಟ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬರಿದಾಗಿ ಕಾಣುವ ಕೆಸರು ಬಯಲು ಪಾಳುಭೂಮಿಯಲ್ಲ. ಜನ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಹೆಕ್ಕುವ, ವಲಸೆ ಹಕ್ಕಿ ಮೇಯುವ ನೆಲ ಅದು; ಅಲ್ಲಿ ಕಾಂಡ್ಲಾ ಬೇಡ. ಕಾಂಡ್ಲಾ ಮೊದಲು ಇದ್ದು ಈಗಿಲ್ಲದ ಜಾಗ ಹುಡುಕಿ. ಒಡ್ಡು ಕಟ್ಟಿ ಉಬ್ಬರ ತಡೆದಿದ್ದರೆ ನೀರಿನ ದಾರಿ ಬಿಡಿಸಿದರೆ ಸಾಕು, ಎಷ್ಟೋ ಕಡೆ ತೇಲಿಬಂದ ಕೋಡು ತಾನೇ ಬೇರೂರುತ್ತದೆ. ಕೆಲಸಕ್ಕೆ ಮುನ್ನ ವಲಯ ಅರಣ್ಯ ಕಚೇರಿಯ ಒಪ್ಪಿಗೆ ಪಡೆಯಿರಿ. ಕಾಂಡ್ಲಾ ಇರುವ ಜಾಗ ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ.

ಪ್ರಶ್ನೆ: ಕೆಲವು ಕಾಂಡ್ಲಾ ಎಲೆ ನೆಕ್ಕಿದರೆ ಉಪ್ಪು, ಕೆಲವು ಸಪ್ಪೆ. ಯಾಕೆ?
– ವಿದ್ಯಾರ್ಥಿ, ಮೂಲ್ಕಿ

ಉತ್ತರ: ಉಪ್ಪು ರುಚಿಯದು ಉಪ್ಪಟ್ಟಿ, ಅಂದರೆ ಅವಿಸೆನಿಯಾ. ಹೀರಿದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಉದ್ದ ಕೋಡಿನ ರೈಜೋಫೋರಾ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಬೇಸಗೆಯ ಮಧ್ಯಾಹ್ನ ಭೂತಗನ್ನಡಿ ಹಿಡಿದರೆ ಉಪ್ಪಟ್ಟಿ ಎಲೆಯ ಮೇಲೆ ಹರಳೇ ಕಾಣುತ್ತದೆ. ಮಳೆ ಬಂದ ಮರುದಿನ ಹುಡುಕಬೇಡಿ, ತೊಳೆದುಹೋಗಿರುತ್ತದೆ.