ನಮ್ಮ ಸಭೆಯ ಹಿರಿಯರೊಬ್ಬರು ನಿವೃತ್ತ ವಿಜ್ಞಾನಿ, ಅವರ ಬದುಕನ್ನು ಬರೆದಿಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ನಿಮ್ಮ ಚರ್ಚಿನ ಸ್ಮರಣ ಸಂಚಿಕೆಗೆ 80 ದಾಟಿದ ಹಿರಿಯರ ಬಗ್ಗೆ ಬರೀಬೇಕು, ಆದ್ರೆ ಕೇಳಿದಾಗಲೆಲ್ಲ ಅವರು "ನನ್ನದೆಂತ ಉಂಟು ಬರೀಲಿಕ್ಕೆ" ಅಂತ ಮಾತು ಮುಗಿಸ್ತಾರೆ ಅಂದಿದ್ದೀರಿ. ನಾನು ಕಾಸರಗೋಡಿನವ. ನಮ್ಮ ಸಭೆಯಲ್ಲೂ ಅಂಥ ಒಬ್ಬ ಅಜ್ಜ ಇದ್ದಾರೆ, ಇಲ್ಲಿಯ ಸಿಪಿಸಿಆರ್‌ಐ ಅಂದ್ರೆ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತೆಂಗಿನ ತಳಿಗಳ ಕೆಲಸ ಮಾಡಿ ರಿಟೈರ್ ಆದವರು, ಅವರದ್ದನ್ನು ಬರೆದವ ನಾನೇ. ಹುದ್ದೆ, ಪ್ರಶಸ್ತಿ ಎಲ್ಲ ಆಮೇಲೆ ನೋಡುವ. ಮೊದಲು ಕೆಲಸ ಹೇಗೆ ಮಾಡ್ತಿದ್ರಿ ಅಂತ ಕೇಳಿ, ಅದೂ ಚಾವಡಿಯಲ್ಲಿ ಕೂತಲ್ಲ, ತೋಟಕ್ಕೆ ಕರ್ಕೊಂಡು ಹೋಗಿ ಕೇಳಿ.

ನಮ್ಮ ಅಜ್ಜ ಮರದ ಬುಡದಲ್ಲಿ ನಿಂತ ಮೇಲೆ ಮಾತಾಡಿದ್ದೇ ಮಾತಾಡಿದ್ದು. ತೆಂಗಿನ ಹೈಬ್ರಿಡ್ ಅಂದ್ರೆ ಮರದ ತಲೆಗೆ ಹತ್ತಿ ಹಿಂಗಾರದ ಗಂಡು ಹೂಗಳನ್ನೆಲ್ಲ ಕೈಯಲ್ಲೇ ತೆಗೆದು ಚೀಲ ಕಟ್ಬೇಕು, ಆಮೇಲೆ ಬೇರೆ ಜಾತಿಯ ಮರದ ಪರಾಗ ತಂದು ಟಾಲ್ಕ್ ಪೌಡರ್ ಜೊತೆ ಬೆರೆಸಿ ಹಾಕ್ಬೇಕು, ಹೆಣ್ಣು ಹೂಗಳು ಎಲ್ಲ ಒಟ್ಟಿಗೆ ತಯಾರಾಗುದಿಲ್ಲ, ಹಾಗಾಗಿ ಕೆಲವು ದಿನ ಬಿಡದೆ ಪರಾಗ ಹಾಕ್ತಾ ಇರ್ಬೇಕು. ಆ ದಿನಗಳ ಮಧ್ಯೆ ಆದಿತ್ಯವಾರ ಬಂದ್ರೆ? ಬೆಳಕು ಹರಿಯುವಾಗ ತೋಟ, ಅಲ್ಲಿಂದ ಸೀದಾ ಆರಾಧನೆ. ಅಂಗಿ ಬದಲಾಯಿಸ್ಲಿಕ್ಕೂ ಪುರ್ಸೊತ್ತು ಇರ್ತಿರ್ಲಿಲ್ಲ ಅಂತ ಅಜ್ಜಿ ಹೇಳಿದ್ರು. ನನಗೆ ಆ ಒಂದು ಮಾತಲ್ಲಿ ಅವರ ಅರ್ಧ ಜೀವನ ಕಂಡಿತು.

ಇನ್ನು ಕಾಯುವ ಕೆಲಸ. ಕಾಯಿ ಬಲಿಯಲಿಕ್ಕೇ ಹತ್ತಿರ ಹತ್ತಿರ ಒಂದು ವರ್ಷ, ಮತ್ತೆ ನರ್ಸರಿ, ಅಲ್ಲಿಂದ ನೆಟ್ಟು ಹೂ ಬಿಡ್ಲಿಕ್ಕೆ ನಾಲ್ಕೈದು ವರ್ಷ, ಅದಾದ ಮೇಲೆ ವರ್ಷಗಟ್ಟಲೆ ಪ್ರತಿ ಮರದ ಕಾಯಿ ಎಣಿಸುದು. 1985ರಲ್ಲಿ ಬಿಡುಗಡೆ ಆದ ಚಂದ್ರ ಸಂಕರ ಅನ್ನುವ ಹೈಬ್ರಿಡ್ ತೆಂಗು ಹೀಗೆ ಬಂದದ್ದು, ನಾವು ಗೆಂದಾಳಿ ಅಂತೇವಲ್ಲ ಆ ಗಿಡ್ಡ ಕೆಂಪು ಬೊಂಡದ ಜಾತಿ ತಾಯಿ, ಪಶ್ಚಿಮ ಕರಾವಳಿಯ ಎತ್ತರದ ತೆಂಗು ತಂದೆ. ಸಸಿಯ ದಂಟು ತಾಯಿಯ ಹಾಗೆ ಕಿತ್ತಳೆ ಬಣ್ಣ ಇದ್ರೆ ಸಂಕರ ಆಗಿಲ್ಲ ಅಂತ ಲೆಕ್ಕ, ತೆಗೆದು ಬದಿಗೆ ಹಾಕುದು, ಕಂಚಿನ ಬಣ್ಣ ಇದ್ರೆ ಇಟ್ಟುಕೊಳ್ಳುದು. ಈಗಲೂ ಯಾರದ್ದಾದ್ರೂ ಅಂಗಳದಲ್ಲಿ ಸಸಿ ಕಂಡ್ರೆ ಅಜ್ಜ ಬಗ್ಗಿ ದಂಟು ನೋಡ್ತಾರೆ.

ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿ: ಇಷ್ಟು ವರ್ಷ ಸಾಕಿದ ಮರ ಕೈಕೊಟ್ರೆ ಎಂತ ಮಾಡ್ತಿದ್ರಿ? ನಮ್ಮ ಅಜ್ಜ ಹೇಳಿದ್ದು, "ಕಡಿಮೆ ಕಾಯಿ ಬಿಟ್ಟ ಮರದ ಲೆಕ್ಕವನ್ನೂ ಅಷ್ಟೇ ಚಂದ ಬರೆದಿಡ್ಬೇಕು, ಇಲ್ಲದಿದ್ರೆ ಸುಳ್ಳು ಸಾಕ್ಷಿ ಹೇಳಿದ ಹಾಗೆ." ಬೈಬಲಿನ ದಶಾಜ್ಞೆಯ ಮಾತು ಫೀಲ್ಡ್ ಬುಕ್ಕಿಗೂ ಸೇರಿದ್ದು ಅಂತ ನಾನು ಆವತ್ತಿನವರೆಗೆ ಯೋಚಿಸಿದ್ದೇ ಇಲ್ಲ. ಸಭೆಯ ಲೆಕ್ಕಪತ್ರ ಅವರ ಕೈಯಲ್ಲಿ ಯಾಕೆ ಇಷ್ಟು ವರ್ಷ ಇತ್ತು ಅಂತಲೂ ಆಗ ಗೊತ್ತಾಯ್ತು.

ಸಭೆಯೊಳಗೆ ಅವರು ಎದುರು ನಿಂತು ಧರ್ಮೋಪದೇಶ ಮಾಡಿದವರಲ್ಲ. ಬೆಳೆ ಹಬ್ಬಕ್ಕೆ ಸಸಿ ತರ್ತಾರೆ, ಏಲಂ ಆದ ಮೇಲೆ ತಗೊಂಡವರನ್ನು ನಿಲ್ಲಿಸಿ ಪಾಠ: ನಮ್ಮ ಮುರಕಲ್ಲಿನ ನೆಲದಲ್ಲಿ ಹೊಂಡ ಉದ್ದ, ಅಗಲ, ಆಳ ಮೂರೂ 1.2 ಮೀಟರ್ ಇರ್ಲಿ, ಅಡಿಗೆ 2 ಕಿಲೋ ಉಪ್ಪು ಹಾಕಿ, ಕಲ್ಲು ಮೆದು ಆಗ್ತದೆ. ಇಂಥದ್ದನ್ನು ಬರೀರಿ, "ಸರಳ ಸಜ್ಜನ" ಅಂತ ಬರೆದು ಮುಗಿಸ್ಬೇಡಿ ದಯವಿಟ್ಟು.

ಇಸವಿಗಳನ್ನು ಅವರ ನೆನಪಿಗೆ ಬಿಡ್ಬೇಡಿ. ಮದುವೆ, ದೀಕ್ಷಾಸ್ನಾನದ ತಾರೀಕು ಸಭೆಯ ರಿಜಿಸ್ಟರ್‌ನಲ್ಲಿ ಸಿಗ್ತದೆ, ಕೆಲಸದ್ದು ಸಂಸ್ಥೆಯ ವಾರ್ಷಿಕ ವರದಿಗಳಲ್ಲಿ. ನಮ್ಮ ಅಜ್ಜನ ಹೆಸರನ್ನು ನಾನು 1973ರಿಂದ ಬರ್ತಿರುವ ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್‌ನ ಹಳೇ ಸಂಚಿಕೆಗಳಲ್ಲಿ ಹುಡುಕಿದೆ. ಊರಿನ ತೆಂಗು ಸಂಶೋಧನಾ ಸ್ಟೇಷನ್ 1916ರದ್ದು, ಮದ್ರಾಸ್ ಸರ್ಕಾರದ ಕಾಲದ್ದು, ಸಿಪಿಸಿಆರ್‌ಐ ಆದದ್ದು 1970ರಲ್ಲಿ, ಹಾಗಾಗಿ ಯಾರು ಯಾವಾಗ ಯಾವ ಹೆಸರಿನ ಆಫೀಸಿಗೆ ಸೇರಿದ್ದು ಅಂತ ನೋಡಿ ಬರೀಬೇಕಾಯ್ತು. ಜೊತೆಗೆ ಮರ ಹತ್ತುತ್ತಿದ್ದ ಕೆಲಸದವರು ಯಾರಾದ್ರೂ ಇದ್ರೆ ಅವರನ್ನೂ ಮಾತಾಡಿಸಿ, ಅವರ ಹೆಸರು ಯಾವ ಪೇಪರಲ್ಲೂ ಇರುದಿಲ್ಲ, ನಿಮ್ಮ ಲೇಖನದಲ್ಲಾದ್ರೂ ಇರ್ಲಿ. ಬರೆದಾದ ಮೇಲೆ ಪ್ರಿಂಟಿಗೆ ಕೊಡುವ ಮೊದಲು ಹಿರಿಯರ ಎದುರು ಕೂತು ಪೂರ್ತಿ ಓದಿ ಹೇಳಿ, ತಳಿಯ ಹೆಸರು ಹೆಚ್ಚುಕಮ್ಮಿ ಆಗಿದ್ರೆ ಅವರೇ ತಿದ್ದಿ ಕೊಡ್ತಾರೆ.