ಸಾಲಿನ ಉದ್ದ ನೋಡಬೇಡಿ, ಬೋಗಿಯ ಸೀಟು ಎಣಿಸಿ

ರಜೆ ಹತ್ತಿರ ಬಂತೆಂದರೆ ಬಿಡದಿ ಹತ್ತಿರದ ಮನರಂಜನಾ ಪಾರ್ಕು ವಂಡರ್‌ಲಾ ಬಗ್ಗೆ ಪತ್ರಗಳು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ರೈಡ್‌ಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ನಾವು ನಾಲ್ವರು ಗೆಳೆಯರು, ಎಲ್ಲರಿಗೂ ಇಪ್ಪತ್ತರ ಆಸುಪಾಸು. ಅರವತ್ತಕ್ಕೂ ಹೆಚ್ಚು ರೈಡ್ ಇವೆಯಂತೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವುದು ಹೇಗೆ?
*– ಓದುಗರೊಬ್ಬರು, ತಿಪಟೂರು*

ಮುಗಿಸಲಾಗದು, ಮುಗಿಸಬೇಕಾಗಿಯೂ ಇಲ್ಲ. ಆ ಅರವತ್ತರಲ್ಲಿ ಪುಟ್ಟ ಮಕ್ಕಳವೂ ಸೇರಿವೆ. ಮೊದಲು ಸಮಯದ ಲೆಕ್ಕ ಹಾಕೋಣ. ವಾರದ ದಿನಗಳಲ್ಲಿ ಸಾಮಾನ್ಯವಾಗಿ 11ಕ್ಕೆ ತೆರೆದು 6ಕ್ಕೆ ಮುಚ್ಚುತ್ತದೆ: 420 ನಿಮಿಷ. ಊಟಕ್ಕೆ 30, ಎರಡು ಸಲ ಬಟ್ಟೆ ಬದಲಾಯಿಸಲು 40, ಓಡಾಟಕ್ಕೆ 50 ಕಳೆಯಿರಿ. ಉಳಿದದ್ದು 300. ಒಂದೊಂದಕ್ಕೆ ಸಾಲೂ ಸೇರಿ 15 ನಿಮಿಷ ಹಿಡಿದರೆ 20 ರೈಡ್. ಭಾನುವಾರ ಅದೇ 15 ನಿಮಿಷ 30 ಆದರೆ 10 ರೈಡ್. ಅಲ್ಲಿಗೆ, ಯಾವ ಹತ್ತು ಬೇಕೇಬೇಕು ಎಂದು ಮನೆಯಲ್ಲೇ ಬರೆದಿಟ್ಟುಕೊಂಡು ಹೋಗುವುದೇ ಜಾಣತನ.

ಹೆಚ್ಚಿನವರು ಎಡವುವುದು ಸಾಲಿನ ಉದ್ದ ನೋಡಿ. ಉದ್ದ ಸಾಲು ಬೇಗ ಕರಗಬಹುದು, ಗಿಡ್ಡ ಸಾಲು ಮಿಸುಕದೇ ನಿಲ್ಲಬಹುದು. ನೋಡಬೇಕಾದ್ದು ಒಂದು ಸುತ್ತಿಗೆ ಎಷ್ಟು ಜನ ಹತ್ತುತ್ತಾರೆ, ಒಂದು ಸುತ್ತು ಹೊರಟ ಮೇಲೆ ಇನ್ನೊಂದು ಹೊರಡಲು ಎಷ್ಟು ಹೊತ್ತು ಎಂಬುದನ್ನು. ಅಲ್ಲಿನ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ (ಹಳಿಯ ಮೇಲೆ ತಲೆಕೆಳಗಾಗಿ ಓಡುವ ಬೋಗಿಸಾಲು) ತೆಗೆದುಕೊಳ್ಳಿ. ಹೋದ ಹಳಿಯಲ್ಲೇ ಹಿಂದಕ್ಕೆ ಬರಬೇಕಾದ್ದರಿಂದ ಹಳಿಯ ಮೇಲೆ ಎರಡನೇ ಬೋಗಿಸಾಲು ಬಿಡಲು ಬರುವುದಿಲ್ಲ. ಈ ಮಾದರಿಯ ಒಂದು ಬೋಗಿಸಾಲಿನಲ್ಲಿ ಸಾಮಾನ್ಯವಾಗಿ 28 ಸೀಟು. ಸಾಲಿಗೆ ಸೇರುವ ಮುನ್ನ ಹೊರಗೆ ನಿಂತು, ಬೋಗಿ ಹೊರಟ ಕ್ಷಣಕ್ಕೆ ಫೋನಿನ ಸ್ಟಾಪ್‌ವಾಚ್ ಒತ್ತಿ. ಮುಂದಿನ ಸಲ ಹೊರಟಾಗ ನಿಲ್ಲಿಸಿ. 4 ನಿಮಿಷ ಬಂತು ಅನ್ನಿ: ಗಂಟೆಗೆ 15 ಸುತ್ತು, 420 ಜನ. ನಿಮ್ಮ ಮುಂದೆ ಅಂದಾಜು 140 ತಲೆ ಇದ್ದರೆ ಐದು ಸುತ್ತು, 20 ನಿಮಿಷ. ನಿಲ್ಲಬಹುದು. 300 ತಲೆ ಇದ್ದರೆ ಮುಕ್ಕಾಲು ಗಂಟೆ, ಆಮೇಲೆ ಬನ್ನಿ. ಸೀಟು ಖಾಲಿ ಹೋಗುತ್ತಿವೆಯೇ ಎಂಬುದನ್ನೂ ಗಮನಿಸಿ. ಬ್ಯಾಗು, ಚಪ್ಪಲಿ ಇಡಲು ಜನ ತಡಮಾಡಿದಷ್ಟೂ ನಾಲ್ಕು ನಿಮಿಷ ಐದಾಗುತ್ತದೆ.

ಇದಕ್ಕೆ ತದ್ವಿರುದ್ಧವಾದವು ಅಲೆ ಏಳುವ ವೇವ್ ಪೂಲ್, ನಿಧಾನವಾಗಿ ತೇಲಿಸುವ ಲೇಜಿ ರಿವರ್, ಕೃತಕ ಮಳೆಯಲ್ಲಿ ಕುಣಿಯುವ ರೇನ್ ಡಿಸ್ಕೋ. ಎಷ್ಟು ಜನ ಬಂದರೂ ನುಂಗಿಕೊಳ್ಳುತ್ತವೆ, ಸಾಲೇ ಇಲ್ಲ. ಹಾಗಾಗಿ ಕ್ರಮ ತಾನಾಗಿಯೇ ಸಿಗುತ್ತದೆ: ಕಡಿಮೆ ಜನ ಹಿಡಿಯುವ ದೊಡ್ಡ ರೈಡ್ ಮೊದಲು, ಜನ ನುಂಗುವವು ಜನಜಂಗುಳಿಯ ಹೊತ್ತಿಗೆ.

ಗೇಟು ತೆರೆದ ಕೂಡಲೇ ಕಣ್ಣಿಗೆ ಬಿದ್ದ ಮೊದಲ ರೈಡಿಗೆ ನುಗ್ಗುವುದು ಜನರ ಸ್ವಭಾವ. ನೀವು ಅದನ್ನು ದಾಟಿ ನೇರ ರಿಕಾಯಿಲ್‌ಗೆ ಹೋಗಿ, ಅಲ್ಲಿಂದ ಮೇಲಿನಿಂದ ಬೀಳಿಸುವ ಟವರ್, ತಲೆಕೆಳಗಾಗಿ ತೂಗುವ ರೈಡ್‌ಗಳತ್ತ ಬನ್ನಿ. ನೀರಿನ ರೈಡ್‌ಗಳು ಸಾಮಾನ್ಯವಾಗಿ ಗೇಟು ತೆರೆದ ಸ್ವಲ್ಪ ಹೊತ್ತಿನ ಮೇಲೆ ಶುರುವಾಗುತ್ತವೆ. ಶುರುವಾದೊಡನೆ ಅರ್ಧ ಪಾರ್ಕು ಬಟ್ಟೆ ಬದಲಾಯಿಸಲು ಓಡುತ್ತದೆ. ಆಗ ನೀವು ಓಡಬೇಡಿ. ಒಣ ರೈಡ್‌ಗಳ ಸಾಲು ತೆಳ್ಳಗಾಗುವುದು ಆ ಒಂದು ಗಂಟೆಯಲ್ಲೇ. ಎರಡು, ಎರಡೂವರೆಯ ಹೊತ್ತಿಗೆ ನೀರಿಗಿಳಿಯಿರಿ. ಸಂಜೆ ನೀರು ನಿಲ್ಲಿಸಿದಾಗ ಆ ಜನವೆಲ್ಲ ಮತ್ತೆ ಒಣ ರೈಡ್‌ಗಳಿಗೆ ನುಗ್ಗುತ್ತದೆ. ಅಷ್ಟರಲ್ಲಿ ನಿಮ್ಮ ಪಟ್ಟಿಯ ದೊಡ್ಡವೆಲ್ಲ ಮುಗಿದಿರಬೇಕು. ಅಂದಿನ ಸಮಯ ಎಷ್ಟು, ಯಾವ ರೈಡ್ ದುರಸ್ತಿಯಲ್ಲಿದೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ.

ರಿಕಾಯಿಲ್‌ನಿಂದ ಇಳಿದ ಮೇಲೆ ಕಿವಿ, ಕತ್ತು ನೋಯುತ್ತದೆ ಅನ್ನುತ್ತಾರೆ. ಎಲ್ಲಿ ಕೂತರೆ ಒಳ್ಳೆಯದು?
*– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ*

ನೋವಿಗೆ ಕಾರಣ ಹೆಗಲ ಮೇಲೆ ಬರುವ ದಪ್ಪ ಕಮಾನು. ತಿರುವಿನಲ್ಲಿ ತಲೆ ಅತ್ತಿತ್ತ ಹೊಯ್ದಾಡಿ ಕಿವಿ ಅದಕ್ಕೆ ಬಡಿಯುತ್ತದೆ. ಬೋಗಿ ಬಿಡುವ ಮೊದಲೇ ತಲೆಯನ್ನು ಹಿಂದಿನ ದಿಂಬಿಗೆ ಗಟ್ಟಿಯಾಗಿ ಒತ್ತಿ, ಗದ್ದ ತುಸು ಒಳಗೆಳೆದುಕೊಳ್ಳಿ. ಪಕ್ಕದವರನ್ನು ನೋಡಿ ನಗುವುದಕ್ಕೆ ಇದು ಸಮಯವಲ್ಲ. ಓಲೆ, ಜುಮುಕಿ ಮೊದಲೇ ಬಿಚ್ಚಿಡಿ.

ಇದು ಬೂಮರಾಂಗ್ ಮಾದರಿಯ ಕೋಸ್ಟರ್. ಬೋಗಿಯನ್ನು ಮೊದಲು ಹಿಮ್ಮುಖವಾಗಿ ಮೇಲಕ್ಕೆಳೆದು ಬಿಡುತ್ತಾರೆ. ಅದು ನಿಲ್ದಾಣವನ್ನು ರೊಯ್ಯನೆ ದಾಟಿ, ಹಾವಿನ ಹೆಡೆಯಂಥ ಜೋಡಿ ತಿರುವಿನಲ್ಲಿ ಎರಡು ಸಲ, ಆಮೇಲಿನ ಉರುಟು ಲೂಪಿನಲ್ಲಿ ಒಂದು ಸಲ ತಲೆಕೆಳಗಾಗಿ, ಎದುರಿನ ಏರು ಹತ್ತುತ್ತದೆ. ಅಲ್ಲಿಂದ ಬಿಟ್ಟರೆ ಅದೇ ಮೂರೂ ಹಿಂದುಮುಂದಾಗಿ. ಒಟ್ಟು ಆರು. ಮೊದಲ ಏರಿನಲ್ಲಿ ಮುಖ ನೆಲದ ಕಡೆಗಿರುತ್ತದೆ, ಮೈಭಾರವೆಲ್ಲ ಕಮಾನಿನ ಮೇಲೆ. ಹೆಚ್ಚಿನವರಿಗೆ ಎದೆ ಝಲ್ ಅನ್ನುವುದು ಲೂಪಿನಲ್ಲಲ್ಲ, ಇಲ್ಲಿ. ಎದುರಿಗೆ ಯಾರ ತಲೆಯೂ ಅಡ್ಡ ಬರದ ನೋಟ ಬೇಕಿದ್ದರೆ ಮೊದಲ ಸಾಲು, ಅದಕ್ಕಾಗಿ ಹೆಚ್ಚು ಕಾಯಬೇಕಾಗಬಹುದು. ತುದಿಯಿಂದ ಬೀಳುವ ಅನುಭವ ಬೇಕಿದ್ದರೆ ಕೊನೆಯ ಸಾಲು, ಏಕೆಂದರೆ ಮೊದಲ ಏರಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಹೋಗುವುದು ಅದೇ. ಮೊದಲ ಸಲದವರಿಗೆ ನಡುವಿನ ಬೋಗಿ ಸಾಕು. ಬೆನ್ನು, ಕತ್ತಿನ ತೊಂದರೆ, ಏರಿದ ರಕ್ತದೊತ್ತಡ, ಹೃದಯದ ಕಾಯಿಲೆ ಇದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಬಸುರಿಯರು ಹತ್ತಲೇಬಾರದು.

ನನ್ನ ಮಗನಿಗೆ 11 ವರ್ಷ, ಎತ್ತರ 132 ಸೆಂ.ಮೀ. ಧೈರ್ಯವಂತ. ವಯಸ್ಸು ಹೇಳಿದರೆ ಬಿಡುತ್ತಾರೆಯೇ?
*– ತಾಯಿಯೊಬ್ಬರು, ಶಿವಮೊಗ್ಗ*

ಇಲ್ಲ ತಾಯಿ. ಅಲ್ಲಿ ವಯಸ್ಸು ಕೇಳುವವರಿಲ್ಲ, ಅಳತೆಗೋಲು ಮಾತ್ರ. ದೊಡ್ಡ ಥ್ರಿಲ್ ರೈಡ್‌ಗಳಿಗೆ ಸಾಮಾನ್ಯವಾಗಿ 140 ಸೆಂ.ಮೀ. ಆಸುಪಾಸಿನ ಎತ್ತರ ಬೇಕು. ಇದು ಧೈರ್ಯದ ಪರೀಕ್ಷೆಯಲ್ಲ. ಹೆಗಲ ಕಮಾನು ಇಷ್ಟು ಉದ್ದದ ಮೈಗೆ ಎಂದು ಲೆಕ್ಕ ಹಾಕಿ ಮಾಡಿದ್ದು. ಮೈ ಗಿಡ್ಡವಾದರೆ ಹೆಗಲಿಗೂ ಕಮಾನಿಗೂ ನಡುವೆ ಸಂದು ಉಳಿದು, ತಲೆಕೆಳಗಾದಾಗ ಮಗು ಜಾರುತ್ತದೆ. ದಪ್ಪ ಅಟ್ಟೆಯ ಶೂ ಹಾಕಿಸಿ ದಾಟಿಸುವ ಉಪಾಯ ಬೇಡ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಬರಿಗಾಲಿನಲ್ಲಿ ಅಳೆದು, "ಈ ವರ್ಷ ಇವಿಷ್ಟು" ಎಂದು ಹೇಳಿ ಕರೆದೊಯ್ಯಿರಿ. ಅರ್ಧ ಗಂಟೆ ಕಾದು ಸಾಲಿನ ತುದಿಯಲ್ಲಿ ವಾಪಸ್ ಕಳಿಸಿದರೆ ಆ ದಿನವೇ ಕೆಡುತ್ತದೆ.

ನೀರಿನ ರೈಡ್‌ಗಳಿಗೆ ಹತ್ತಿ ಬಟ್ಟೆ ಬೇಡ ಅನ್ನುತ್ತಾರಲ್ಲ, ಅಲ್ಲೇ ಬಟ್ಟೆ ಕೊಳ್ಳಲಿ ಎಂದೇ?
*– ಓದುಗರೊಬ್ಬರು, ಗದಗ*

ಅನುಮಾನ ಸಹಜ, ಆದರೆ ಕಾರಣವಿದೆ. ಜಾರುಬಂಡೆಗಳು ಫೈಬರ್‌ಗ್ಲಾಸ್‌ನವು, ಮೈಗೂ ಅದಕ್ಕೂ ನಡುವೆ ತೆಳ್ಳನೆಯ ನೀರಿನ ಪದರ ಇದ್ದರೆ ಮಾತ್ರ ಜಾರುವುದು. ಹತ್ತಿ ಬಟ್ಟೆ ಆ ನೀರನ್ನು ಹೀರಿ, ಭಾರವಾಗಿ, ಅಂಟಿಕೊಳ್ಳುತ್ತದೆ. ನೀವು ನಡುದಾರಿಯಲ್ಲಿ ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ. ಉದುರಿದ ನೂಲು ನೀರು ಸೋಸುವ ಫಿಲ್ಟರಿಗೆ ಸೇರುತ್ತದೆ. ಜೀನ್ಸಿನ ರಿವೆಟ್, ಜಿಪ್ಪು ಜಾರುಬಂಡೆಯನ್ನು ಗೀರುತ್ತವೆ, ಆ ಗೀರು ಮುಂದೆ ಬರುವವರ ಬೆನ್ನು ತರಚುತ್ತದೆ.

ಮೈಗೆ ಹತ್ತುವ ನೈಲಾನ್ ಅಥವಾ ಪಾಲಿಯೆಸ್ಟರ್ ಟೀ ಶರ್ಟು, ಮೊಣಕಾಲವರೆಗಿನ ಲೆಗ್ಗಿಂಗ್ಸ್ ಅಥವಾ ಈಜುಚಡ್ಡಿ ಊರಿನಿಂದಲೇ ತನ್ನಿ. ಲೇಬಲ್ ಓದಿ ತನ್ನಿ: "ಟ್ರ್ಯಾಕ್ ಪ್ಯಾಂಟ್" ಎಂದು ಮಾರುವವುಗಳಲ್ಲಿ ಎಷ್ಟೋ ಹತ್ತಿಯವೇ. ದುಪಟ್ಟಾ, ಸೀರೆ, ಜೋತಾಡುವ ದಾರ ಯಾವುದೂ ಬೇಡ. ಜೊತೆಗೆ ಟವೆಲ್, ಒದ್ದೆ ಬಟ್ಟೆಗೆ ಎರಡು ಗಟ್ಟಿ ಪ್ಲಾಸ್ಟಿಕ್ ಚೀಲ. ನಾಲ್ವರಿಗೆ ಒಂದು ಲಾಕರ್ ಸಾಕು. ಬೀಗದ ಕೈ ಒಬ್ಬರ ಬಳಿ ಇರಲಿ, ಆ ಒಬ್ಬರು ಯಾರೆಂದು ಮೊದಲೇ ತೀರ್ಮಾನಿಸಿ.

ಎರಡನೇ ರೈಡಿಗೇ ವಾಂತಿ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋದರೆ ಸರಿಯೇ?
*– ಓದುಗರೊಬ್ಬರು, ಮಂಡ್ಯ*

ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಒಳಕಿವಿ "ತಿರುಗುತ್ತಿದ್ದೇನೆ" ಅನ್ನುತ್ತದೆ, ಕಣ್ಣು ಎದುರಿನ ಸೀಟು ನೋಡಿ "ಇಲ್ಲ" ಅನ್ನುತ್ತದೆ. ಈ ಜಗಳವೇ ಓಕರಿಕೆ. ನೀವು ಬರುವ ದಾರಿಯಲ್ಲಿ ಬಿಡದಿಯೇ ಸಿಗುತ್ತದೆ: ಹತ್ತುವ ಎರಡು ಗಂಟೆ ಮೊದಲು ಎರಡು ತಟ್ಟೆ ಇಡ್ಲಿ, ಬೆಣ್ಣೆ ಸವರಿಸದೆ. ವಡೆ, ಪೂರಿ ಸಂಜೆಗಿರಲಿ. ಒಂದೇ ಕಡೆ ಗರಗರ ತಿರುಗುವವುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ನೇರ ಬೀಳುವ ಟವರ್‌ನಲ್ಲಿ ತಿರುಗಾಟವಿಲ್ಲ, ಅದು ನಿಮಗೆ ಒಗ್ಗಬಹುದು. ಎರಡು ರೈಡ್‌ಗಳ ನಡುವೆ 20 ನಿಮಿಷ ನೆರಳಲ್ಲಿ ಕೂತು ಗುಟುಕು ಗುಟುಕಾಗಿ ನೀರು ಕುಡಿಯಿರಿ. ಕೂತಾಗ ಫೋನು ನೋಡಬೇಡಿ, ದೂರದ ಮರ ನೋಡಿ. ವಾಂತಿ ತಡೆಯುವ ಮಾತ್ರೆ ಬೇಕೆಂದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಕೆಲವು ನಿದ್ದೆ ಬರಿಸುತ್ತವೆ, ಹಾಗಾಗಿ ವಾಪಸ್ ಬರುವಾಗ ಬೈಕು ನಿಮ್ಮ ಕೈಯಲ್ಲಿ ಬೇಡ.

ಯಾವ ದಿನ ಜನ ಕಡಿಮೆ? ಉದ್ದ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಂಡರೆ ದುಡ್ಡು ದಂಡವೇ?
*– ದಂಪತಿ, ಹುಬ್ಬಳ್ಳಿ*

ಮಂಗಳವಾರ, ಬುಧವಾರ. ಶಾಲೆ ತೆರೆದ ಮೇಲಿನ ಜೂನ್, ಜುಲೈ ಒಳ್ಳೆಯದು, ಮಳೆಯ ಭಯವೊಂದನ್ನು ಬಿಟ್ಟರೆ. ಡಿಸೆಂಬರ್‌ನಲ್ಲಿ ವಾರದ ದಿನವೆಂದು ನಂಬಿ ಹೋಗಬೇಡಿ. ಅದು ಶಾಲಾ ಪ್ರವಾಸದ ಕಾಲ, ಬಸ್ಸುಗಟ್ಟಲೆ ಮಕ್ಕಳು. ಖಾಲಿ ಮಂಗಳವಾರ ಫಾಸ್ಟ್‌ಟ್ರ್ಯಾಕ್ ದಂಡವೇ. ಭಾನುವಾರ ಅಥವಾ ದಸರಾ ರಜೆಯಲ್ಲಿ, ಅದೂ ಹುಬ್ಬಳ್ಳಿಯಷ್ಟು ದೂರದಿಂದ ಬರುವವರಿಗೆ, ದುಡ್ಡಿಗೆ ಮೋಸವಿಲ್ಲ. ಯಾವ ಯಾವ ರೈಡಿಗೆ ಅನ್ವಯಿಸುತ್ತದೆ, ಎಷ್ಟು ಸಲ ಎಂದು ಓದಿ ಕೊಳ್ಳಿ.

ಸಿಡಿಲು, ಜೋರು ಗಾಳಿ ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ದೊಡ್ಡವನ್ನು ಬೆಳಿಗ್ಗೆಯೇ ಮುಗಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ರೈಡ್ ಮೇಲೆಯೇ ನಿಂತುಬಿಟ್ಟರೆ?
*– ಹೆಸರು ಬೇಡ ಎಂದವರು, ಕೋಲಾರ*

ಕಮಾನು ಬಿಚ್ಚಲು ಹೋಗಬೇಡಿ, ಅಷ್ಟೇ. ಎಲ್ಲೋ ಒಂದು ಸೆನ್ಸರ್ "ಸರಿಯಿಲ್ಲ" ಅಂದರೆ ಯಂತ್ರ ತಾನೇ ನಿಲ್ಲುವಂತೆ ಮಾಡಿರುತ್ತಾರೆ. ಎಷ್ಟೋ ಸಲ ನಿಂತದ್ದೇ ಸುರಕ್ಷತೆ. ಕರೆಂಟು ಹೋದರೂ ಕಮಾನಿನ ಬೀಗ ಹಾಕಿದ ಹಾಗೇ ಇರುತ್ತದೆ. ಸಿಬ್ಬಂದಿ ಮೆಟ್ಟಿಲು ಹತ್ತಿ ಬರುವವರೆಗೆ ಕೂತಿರಿ.

ಬೈಕಿನಲ್ಲಿ ಹೋಗಬಹುದೇ? ಬಸ್ಸು, ಮೆಟ್ರೋ ಇದೆಯೇ?
*– ಓದುಗರೊಬ್ಬರು, ಯಲಹಂಕ*

ಹೋಗಬಹುದು. ಆದರೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಸಾಗಿ. ಕಾರಿನವರೂ ಮುಖ್ಯ ಪಥದಲ್ಲಿ ಜುಮ್ಮನೆ ಹೋಗುತ್ತ ಇಳಿಯುವ ಜಾಗ ತಪ್ಪಿಸಿಕೊಳ್ಳುವುದುಂಟು. ಫಲಕ ಗಮನಿಸಿ ಬೇಗನೆ ಎಡಕ್ಕೆ ಬನ್ನಿ. ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಹತ್ತು ಹನ್ನೆರಡು ಕಿ.ಮೀ. ಬಸ್ಸು ಅಥವಾ ಆಟೋ. ಪಾರ್ಕು ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೊರಬಿದ್ದು ಆಟೋ ಸಿಗುವುದು ಕಷ್ಟ. ಹದಿನೈದು ನಿಮಿಷ ಮೊದಲೇ ಹೊರಡಿ.

ಕನ್ನಡಕ ಇಲ್ಲದೆ ನನಗೆ ಏನೂ ಕಾಣದು. ಏನು ಮಾಡಲಿ?
*– ಓದುಗರೊಬ್ಬರು, ಉಡುಪಿ*

ತಲೆಯ ಹಿಂದೆ ಬಿಗಿಯುವ ಎಲಾಸ್ಟಿಕ್ ಪಟ್ಟಿ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಆದರೂ ತಲೆಕೆಳಗಾಗುವ ರೈಡ್‌ಗಳಲ್ಲಿ ಕನ್ನಡಕ ತೆಗೆಸುತ್ತಾರೆ. ಮಡಚಿ ಗಟ್ಟಿ ಡಬ್ಬಿಯಲ್ಲಿ ಹಾಕಿ, ಹತ್ತುವ ಕಡೆಯ ಕಪಾಟಿನಲ್ಲಿಡಿ. ಜೇಬಿನಲ್ಲಿ ಬೇಡವೇ ಬೇಡ, ಅಲ್ಲಿಂದ ಜಾರಿದ್ದು ಕೆಳಗಿರುವವರ ತಲೆಗೆ ಬೀಳುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ನೀರಿಗಿಳಿಯುವ ಮೊದಲು ತೆಗೆದಿಡಿ. ಡಬ್ಬಿಗೆ ನಿಮ್ಮ ಫೋನ್ ನಂಬರಿನ ಚೀಟಿ ಅಂಟಿಸಿರಲಿ.